ನೆಲವೇ ಡೊಂಕಾಗಿದ್ದರೆ?



ಇಲಿ ಅಂದರೆ ನಮಗೆಲ್ಲ ಗೊತ್ತು. ಗಣಪತಿಯ ವಾಹನ. ರಾಗಿ ಮೂಟೆ ತೂತು ಮಾಡುವುದೂ ಅದೇ. ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಇನ್ನೊಂದು ಇಲಿ ಇದೆ. ಅದೇ ಮೌಸ್. ಇದನ್ನು ಮೊದಲು ಯೋಚಿಸಿದವರು ಅಮೆರಿಕದ ಡಗ್ಲಸ್ ಎಂಗೆಲ್‌ಬಾರ್ಟ್. 1964ರಲ್ಲಿ ಅವರ ಜೊತೆಗಾರ ಬಿಲ್ ಇಂಗ್ಲಿಷ್ ಎಂಬುವರು ಅದನ್ನು ಮಾಡಿಕೊಟ್ಟರು. ಅದು ಮರದ ಪೆಟ್ಟಿಗೆ, ಕೆಳಗೆ ಎರಡು ಚಕ್ರ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಅದನ್ನು ಜನರ ಮುಂದೆ ತೋರಿಸಿದರು.

ಈಗ ನಮ್ಮ ಶಾಲೆಯ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ನಡೆಯುವ ಕಂಪ್ಯೂಟರ್ ಎರಡೇ. ಒಂದು ಬಾಗಿಲ ಹತ್ತಿರ, ಇನ್ನೊಂದು ಕಿಟಕಿ ಹತ್ತಿರ. ಶನಿವಾರ ಒಬ್ಬೊಬ್ಬರಿಗೆ ಹತ್ತು ನಿಮಿಷ. ಕಿಟಕಿ ಹತ್ತಿರದ್ದರಲ್ಲಿ ಕೂತವರಿಗೆ ಬಾಣದ ಗುರುತು ಮಾತೇ ಕೇಳುತ್ತಿರಲಿಲ್ಲ. ಒಂದು ಸಲ ನಿಂತಲ್ಲೇ ನಿಲ್ಲುತ್ತಿತ್ತು. ಇನ್ನೊಂದು ಸಲ ಟಣ್ ಅಂತ ಮೂಲೆಗೆ ಹಾರುತ್ತಿತ್ತು. ಹತ್ತು ನಿಮಿಷ ಬಾಣ ಹಿಡಿಯುವುದರಲ್ಲೇ ಮುಗಿದುಹೋಗುತ್ತಿತ್ತು.

ಆರನೇ ತರಗತಿಯ ಒಬ್ಬ ಹುಡುಗಿ ಅಲ್ಲಿ ಕೂತಿದ್ದಳು. ಚಿತ್ರ ಬಿಡಿಸಲು ಹೋದರೆ ಗೆರೆ ಎಲ್ಲೆಲ್ಲೋ ಹೋಯಿತು. "ಮಿಸ್, ಇದು ಸರಿ ಇಲ್ಲ" ಅಂದಳು. ಹಿಂದೆ ನಿಂತಿದ್ದ ಹುಡುಗರು, "ಕುಣಿಯಕ್ ಬರ್ದೇ ಇರೋಳು ನೆಲ ಡೊಂಕು ಅಂದ್ಲಂತೆ" ಎಂದು ನಕ್ಕರು. ಒಬ್ಬನು "ಅವಳ ಕೈಯೇ ನಡುಗುತ್ತೆ ಬಿಡೋ" ಅಂದ. ಮುಂದಿನ ಶನಿವಾರ ಅವಳು ಸಾಲಿನಲ್ಲಿ ನಿಲ್ಲಲೇ ಇಲ್ಲ. "ನನ್ನ ಸರದಿ ನೀನೇ ತಗೋ ಅಕ್ಕ" ಎಂದು ನನಗೆ ಹೇಳಿದಳು.

ನನಗೆ ಇದು ಸರಿ ಕಾಣಲಿಲ್ಲ. ಯಾಕೆಂದರೆ ಆಗಸ್ಟ್ 15ರಂದು ಧ್ವಜ ಕಂಬದ ಸುತ್ತ ರಂಗೋಲಿ ಹಾಕುವವಳು ಅವಳೇ. ಅವಳ ಎಳೆ ನೂಲು ಹಿಡಿದ ಹಾಗೆ ನೇರ ಇರುತ್ತದೆ. ಆ ಕೈ ಇಲ್ಲಿ ಮಾತ್ರ ಹೇಗೆ ನಡುಗುತ್ತದೆ?

ನಮ್ಮ ಸೋದರಮಾವ ಪಂಪ್‌ಸೆಟ್ ರಿಪೇರಿ ಮಾಡುತ್ತಾರೆ. ನೀರು ಬರಲಿಲ್ಲ ಅಂದರೆ ಅವರು ಒಂದೇ ಸಲಕ್ಕೆ ಮೋಟಾರ್ ಮೇಲೆತ್ತುವುದಿಲ್ಲ. ಮೊದಲು ಕರೆಂಟ್ ಇದೆಯಾ ನೋಡುತ್ತಾರೆ. ಆಮೇಲೆ ಫ್ಯೂಸ್, ಆಮೇಲೆ ಸ್ಟಾರ್ಟರ್. "ಒಂದು ಸಲಕ್ಕೆ ಒಂದೇ ನೋಡ್ಬೇಕು ಮಗಾ. ಎರಡು ಒಟ್ಟಿಗೆ ಬದಲಾಯಿಸಿದ್ರೆ ಯಾವುದು ಕೆಟ್ಟಿತ್ತು ಅಂತ ಗೊತ್ತಾಗಲ್ಲ" ಅನ್ನುತ್ತಾರೆ. ಮಿಸ್ ಅವರನ್ನು ಕೇಳಿ ನಾವು ಮೂವರು ಹಾಗೇ ನೋಡಿದೆವು.

ಮೊದಲು ವೈರು. ಸಡಿಲ ಇದೆಯೇನೋ ಎಂದು ತೆಗೆದು ಗಟ್ಟಿಯಾಗಿ ಚುಚ್ಚಿದೆವು. ಆಮೇಲೆ ಪಕ್ಕದ ತೂತಿಗೆ ಹಾಕಿದೆವು. ಏನೂ ಬದಲಾಗಲಿಲ್ಲ.

ಎರಡನೆಯದು ಹೊಟ್ಟೆ. ವೈರು ತೆಗೆದು ಮೌಸನ್ನು ಮಗುಚಿದೆವು. ಕೆಂಪು ಬೆಳಕು ಬರುವ ತೂತಿನಲ್ಲಿ ಒಂದು ಕೂದಲು, ಸೀಮೆಸುಣ್ಣದ ಪುಡಿ ಇತ್ತು. ಒಣ ಬಟ್ಟೆಯ ತುದಿಯಿಂದ ತೆಗೆದೆವು. ಸ್ವಲ್ಪ ವಾಸಿ ಅನ್ನಿಸಿತು. ಆದರೂ ಹಾರುವುದು ನಿಲ್ಲಲಿಲ್ಲ.

ಮೂರನೆಯದು ಅದಲು ಬದಲು. ಕಿಟಕಿ ಹತ್ತಿರದ ಮೌಸನ್ನು ಬಾಗಿಲ ಹತ್ತಿರದ ಕಂಪ್ಯೂಟರ್‌ಗೆ ಹಾಕಿದೆವು. ಅಲ್ಲಿ ಅದು ಒಳ್ಳೆ ಮಗುವಿನ ಹಾಗೆ ನಡೆಯಿತು! ಬಾಗಿಲ ಹತ್ತಿರದ್ದನ್ನು ಇಲ್ಲಿಗೆ ತಂದರೆ ಇದೂ ಕುಣಿಯಿತು. ಅಲ್ಲಿಗೆ ಮೌಸ್ ಕೆಟ್ಟಿಲ್ಲ ಎಂದು ಗೊತ್ತಾಯಿತು.

ಉಳಿದದ್ದು ಮೇಜು. ಕಿಟಕಿ ಹತ್ತಿರ ಇರುವುದು ಆಫೀಸಿನ ಹಳೇ ಮೇಜು. ಅದರ ಮೇಲೆ ಗಾಜು ಹಾಸಿದೆ, ಗಾಜಿನ ಕೆಳಗೆ ಹಳೇ ವೇಳಾಪಟ್ಟಿ ಇದೆ. ನಾನು ನನ್ನ ನೋಟ್‌ಬುಕ್ ಗಾಜಿನ ಮೇಲಿಟ್ಟು ಅದರ ಮೇಲೆ ಮೌಸ್ ಓಡಿಸಿದೆ. ಬಾಣ ನೇರವಾಗಿ ಹೋಯಿತು. ನೋಟ್‌ಬುಕ್ ತೆಗೆದರೆ ಮತ್ತೆ ಹಾರಿತು. ಮೂರು ಸಲ ಮಾಡಿ ನೋಡಿದೆವು, ಮೂರು ಸಲವೂ ಹಾಗೇ.

ಕಾರಣವನ್ನು ಮಿಸ್ ಬೋರ್ಡಿನ ಮೇಲೆ ಬರೆದು ತಿಳಿಸಿದರು. ಹಿಂದಿನ ಮೌಸ್‌ಗಳ ಹೊಟ್ಟೆಯಲ್ಲಿ ಚೆಂಡು ಇರುತ್ತಿತ್ತು. ಅದು ಉರುಳಿದಂತೆ ಬಾಣ ಹೋಗುತ್ತಿತ್ತು. ಈಗಿನದರಲ್ಲಿ ಒಂದು ದೀಪ ಮತ್ತು ಪುಟ್ಟ ಕ್ಯಾಮೆರಾ ಇದೆ. ಅದು ಒಂದು ಸೆಕೆಂಡಿನಲ್ಲಿ ಸಾವಿರಕ್ಕೂ ಹೆಚ್ಚು ಸಲ ಮೇಜಿನ ಚಿತ್ರ ತೆಗೆಯುತ್ತದೆ. ಮರದ ಗೆರೆ, ಕಾಗದದ ನಾರು ಎಷ್ಟು ಜರುಗಿತು ಎಂದು ಹಿಂದಿನ ಚಿತ್ರದ ಜೊತೆ ಹೋಲಿಸಿ ಲೆಕ್ಕ ಹಾಕುತ್ತದೆ. ಗಾಜಿನಲ್ಲಿ ಗೆರೆಯೂ ಇಲ್ಲ, ನಾರೂ ಇಲ್ಲ. ಬೆಳಕು ದಾಟಿ ಹೋಗುತ್ತದೆ, ಇಲ್ಲವೇ ಹೊಳೆಯುತ್ತದೆ. ಗುರುತು ಸಿಗದೆ ಅದು ದಾರಿ ತಪ್ಪುತ್ತದೆ. ಮಂಜಿನಲ್ಲಿ ಮೈಲಿಗಲ್ಲು ಕಾಣದಿದ್ದರೆ ನಮಗೂ ಹಾಗೇ ಅಲ್ಲವೇ?

ಎಲ್ಲ ಸಲವೂ ಮೇಜಿನ ತಪ್ಪೇ ಇರುವುದಿಲ್ಲ. ಒಂದು ಸಲ ಒತ್ತಿದರೆ ಎರಡು ಸಲ ಒತ್ತಿದ ಹಾಗಾದರೆ ಬಟನ್ ಒಳಗಿನ ಸ್ವಿಚ್ ಸವೆದಿರಬಹುದು. ಅದು ಒರೆಸಿದರೆ ಹೋಗುವುದಿಲ್ಲ. ಹೊಸದು ಬರುವವರೆಗೆ ಸೆಟ್ಟಿಂಗ್‌ನಲ್ಲಿ ಎಡ ಬಟನ್ನಿನ ಕೆಲಸವನ್ನು ಬಲ ಬಟನ್ನಿಗೆ ಕೊಡಬಹುದು. ವೈರು ಅಲುಗಿಸಿದಾಗ ಮಾತ್ರ ಕೆಲಸ ಮಾಡಿದರೆ ವೈರು ಒಳಗೆ ತುಂಡಾಗಿದೆ ಎಂದು ಸಂಶಯ ಪಡಬೇಕು. ಇನ್ನೊಂದು ಮಾತು: ಕೆಂಪು ಬೆಳಕನ್ನು ಯಾರ ಕಣ್ಣಿಗೂ ಹಿಡಿಯಬಾರದು.

ಆ ದಿನ ಮಧ್ಯಾಹ್ನ ಬಿಸಿಯೂಟ ಆದ ಮೇಲೆ ಆ ಹುಡುಗಿಯನ್ನು ಕರೆದುಕೊಂಡು ಬಂದೆ. "ನಂಗೆ ಬರಲ್ಲ ಅಕ್ಕ" ಅಂದಳು. "ನೀನು ಹೇಳಿದ್ದೇ ಸರಿ, ನೆಲಾನೇ ಡೊಂಕಿತ್ತು. ಕೂತ್ಕೊ" ಅಂದೆ. ಅವಳು ಚುಕ್ಕಿ ಇಟ್ಟಳು, ಎಳೆ ಎಳೆದಳು. ಹತ್ತು ನಿಮಿಷ ಆದ ಮೇಲೆ "ಮಿಸ್, ಇನ್ನೊಂದ್ ಐದ್ ನಿಮಿಷ ಕೊಡಿ" ಎಂದು ಅವಳೇ ಕೇಳಿದಳು. ನಕ್ಕಿದ್ದ ಹುಡುಗರು ಹಿಂದೆ ನಿಂತು ನೋಡುತ್ತಿದ್ದರು. ಯಾರೂ ಗಾದೆ ಹೇಳಲಿಲ್ಲ.

ಗೆಳೆಯರೇ, ಗಾದೆ ಸುಳ್ಳಲ್ಲ ಎಂದು ದೊಡ್ಡವರು ಹೇಳುತ್ತಾರೆ. ಇರಬಹುದು. ಆದರೆ ಒಬ್ಬರ ಮೇಲೆ ಗಾದೆ ಹೇಳುವ ಮುಂಚೆ ನೆಲವನ್ನು ಒಂದು ಸಲ ಮುಟ್ಟಿ ನೋಡೋಣ. ಮೌಸ್ ಕೆಟ್ಟರೆ ಬೇರೆ ತರಬಹುದು. "ನನಗೆ ಬರಲ್ಲ" ಎಂದು ಒಬ್ಬರು ಎದ್ದು ಹೋದರೆ ಅವರನ್ನು ವಾಪಸ್ ಕರೆಯುವುದು ಕಷ್ಟ.

ಗಾಜು ಭಾರ ಇರುವುದರಿಂದ ಅಲ್ಲೇ ಇದೆ. ಅದರ ಮೇಲೆ ಒಂದು ಹಳೇ ರಟ್ಟು ಹಾಕಿದ್ದೇವೆ. ದಯವಿಟ್ಟು ಆ ರಟ್ಟನ್ನು ಯಾರೂ ತೆಗೆಯಬೇಡಿ.

— ಏಳನೇ ತರಗತಿಯ ಒಬ್ಬ ವಿದ್ಯಾರ್ಥಿನಿ