ಡಚ್ಚರಿಲ್ಲದ ಡಚ್ ದೋಸೆ

ಅಮೆರಿಕ ಸಂಯುಕ್ತ ಸಂಸ್ಥಾನದ ವಾಯವ್ಯ ಮೂಲೆಯಲ್ಲಿ, ಪ್ಯೂಜೆಟ್ ಸೌಂಡ್ ಎಂಬ ಕಡಲಕೊಲ್ಲಿಯ ದಂಡೆಯಲ್ಲಿ, ಸಿಯಾಟಲ್ ನಗರವು ಗುಡ್ಡಗಳನ್ನೇರಿ ಕುಳಿತಿದೆ. ಚಳಿಗಾಲವೆಲ್ಲ ಅಲ್ಲಿ ತುಂತುರುಮಳೆ. ಮಲೆನಾಡಿನ ಜಡಿಮಳೆಯ ಅಬ್ಬರ ಅದಕ್ಕಿಲ್ಲ, ಆದರೆ ಬಿಡುವೂ ಇಲ್ಲ. ಜೂನ್ ತಿಂಗಳು ಬಂತೆಂದರೆ ಊರಿನ ಮುಖವೇ ಬದಲಾಗುತ್ತದೆ. ಪೈಕ್ ಪ್ಲೇಸ್ ಮಾರುಕಟ್ಟೆಯ ಕಟ್ಟೆಗಳ ಮೇಲೆ ಕುಂಕುಮದ ರಾಶಿಯಂತೆ ಸ್ಟ್ರಾಬೆರಿ ಬಂದು ಬೀಳುತ್ತದೆ. ಅದರ ಬೆನ್ನಿಗೇ ಚೆರಿ, ರಾಸ್ಪ್‌ಬೆರಿ. ಈರುಳ್ಳಿಯ ಬೆಲೆ ಗಗನಕ್ಕೇರಿದಾಗ, ದಲ್ಲಾಳಿಗಳ ಕೈ ತಪ್ಪಿಸಿ ರೈತನೇ ಗಿರಾಕಿಗೆ ಮಾರಲೆಂದು 1907ರ ಆಗಸ್ಟ್ 17ರಂದು ತೆರೆದ ಮಾರುಕಟ್ಟೆಯಿದು.

ಈ ಹಣ್ಣುಗಳಿಗೆ ಒಪ್ಪುವ ತಿಂಡಿಯೊಂದು ಇದೇ ಊರಿನಲ್ಲಿ ಹೆಸರು ಪಡೆಯಿತು: ‘ಡಚ್ ಬೇಬಿ’, ಅಂದರೆ ಡಚ್ಚರ ಕೂಸು. ಕೂಸಿಗೂ ಡಚ್ಚರಿಗೂ ರಕ್ತಸಂಬಂಧವಿಲ್ಲ. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ವಿಕ್ಟರ್ ಮಾಂಕಾ ಎಂಬವರ ಕೆಫೆಯಲ್ಲಿ ಜರ್ಮನ್ ಮೂಲದ ದೋಸೆಯನ್ನು ಚಿಕ್ಕದಾಗಿ ಮಾಡಿ ಬಡಿಸುತ್ತಿದ್ದರಂತೆ. ಜರ್ಮನರು ತಮ್ಮನ್ನು ‘ಡಾಯ್ಚ್’ ಎಂದು ಕರೆದುಕೊಳ್ಳುವುದನ್ನು ಮಾಂಕಾರ ಮಗಳೊಬ್ಬಳು ‘ಡಚ್’ ಎಂದುಬಿಟ್ಟಳೆಂದೂ, ಹೆಸರು ಅಲ್ಲಿಗೇ ನಿಂತಿತೆಂದೂ ಪ್ರತೀತಿ. ನಿಜವಾದ ಡಚ್ಚರನ್ನು ಕಾಣಬೇಕಾದರೆ ಉತ್ತರಕ್ಕೆ, ಕೆನಡದ ಗಡಿಯ ಬಳಿಯ ಲಿಂಡನ್ ಊರಿಗೆ ಹೋಗಬೇಕು. ಹಾಲೆಂಡಿನ ವಲಸೆಗಾರರು ನೆಲೆಸಿದ ಆ ಊರಿನ ಸುತ್ತ ರಾಸ್ಪ್‌ಬೆರಿಯ ತೋಟಗಳು ಹಬ್ಬಿವೆ.

ದೋಸೆಯೆಂದರೂ ಇದು ಕಾವಲಿಯ ಮೇಲೆ ಹುಯ್ಯುವ ದೋಸೆಯಲ್ಲ. ಹಿಟ್ಟನ್ನು ಇರುಳೆಲ್ಲ ಹುಳಿಯಲು ಬಿಡಬೇಕಾಗಿಲ್ಲ. ಸೋಡಾ ಬೇಡ, ಈಸ್ಟ್ ಬೇಡ. 3 ಮೊಟ್ಟೆ, ಅರ್ಧ ಬಟ್ಟಲು ಮೈದಾ, ಅರ್ಧ ಬಟ್ಟಲು ಹಾಲು, ಒಂದು ಚಮಚ ಸಕ್ಕರೆ, ಚಿಟಿಕೆ ಉಪ್ಪು, ಕೊಂಚ ಜಾಯಿಕಾಯಿ ಪುಡಿ: ಇವನ್ನು ಗಂಟಿಲ್ಲದಂತೆ ಕಡೆದು ಸ್ವಲ್ಪ ಹೊತ್ತು ಇಡಬೇಕು. (ಮೊಟ್ಟೆ ವರ್ಜ್ಯವಾದ ಮನೆಗಳಿಗೆ ಇದು ಸಲ್ಲದು, ಇದರ ಜೀವವೇ ಮೊಟ್ಟೆಯಲ್ಲಿದೆ.) ದಪ್ಪ ತಳದ ಕಬ್ಬಿಣದ ಬಾಣಲೆಯನ್ನು 220 ಡಿಗ್ರಿ ಸೆಂಟಿಗ್ರೇಡಿನ ಒಲೆಪೆಟ್ಟಿಗೆಯೊಳಗೆ ಚೆನ್ನಾಗಿ ಕಾಯಿಸಿ, 3-4 ಚಮಚ ಬೆಣ್ಣೆ ಹಾಕಿ, ಅದು ನೊರೆಗಟ್ಟುತ್ತಿರುವಾಗಲೇ ಹಿಟ್ಟನ್ನು ಸುರಿದು ಬಾಗಿಲು ಮುಚ್ಚಬೇಕು. ಸುಮಾರು 20 ನಿಮಿಷ ಬಾಗಿಲು ತೆರೆಯಬಾರದು. ಈ ಸಂಯಮವೇ ಪಾಕದ ಕಷ್ಟದ ಭಾಗ. ಹಾಲು ಮೊಟ್ಟೆಗಳ ನೀರು ಆವಿಯಾಗಿ ಹಿಟ್ಟನ್ನು ಮೇಲಕ್ಕೆತ್ತುತ್ತದೆ. ಅಂಚುಗಳು ಬಾಣಲೆಯ ಗೋಡೆ ಹತ್ತಿ ಹೊಂಬಣ್ಣಕ್ಕೆ ತಿರುಗುತ್ತವೆ. ಹೊರಗೆ ತೆಗೆದ ಗಳಿಗೆಯಲ್ಲಿ ಅದರ ವೈಭವವೇ ವೈಭವ. ಮರುನಿಮಿಷದಲ್ಲೇ ಆವಿ ಆರಿ ನಡುಭಾಗ ಕುಸಿದು ಬಟ್ಟಲಾಗುತ್ತದೆ. ಕುಸಿಯಿತೆಂದು ಮರುಗಬೇಕಾಗಿಲ್ಲ, ನಿಂಬೆರಸ, ಪುಡಿಸಕ್ಕರೆ ಮತ್ತು ಹೆಚ್ಚಿದ ಸ್ಟ್ರಾಬೆರಿಗೆ ಅದೇ ತಕ್ಕ ಸ್ಥಳ.

ತಿಂಡಿಯ ಹೆಸರಿನಲ್ಲಿ ಇಲ್ಲದ ಡಚ್ಚರು ಸೇರಿಕೊಂಡರು. ಮೇಲಿನ ಹಣ್ಣನ್ನು ಬೆಳೆದವರ ಹೆಸರು ಮಾತ್ರ ಎಲ್ಲಿಯೂ ಸೇರಲಿಲ್ಲ. ಎರಡನೆಯ ಮಹಾಯುದ್ಧಕ್ಕೆ ಮುನ್ನ ಪೈಕ್ ಪ್ಲೇಸಿನ ಕಟ್ಟೆಗಳಲ್ಲಿ ಹೆಚ್ಚಿನವು ಜಪಾನೀ ಮೂಲದ ರೈತರವು. ಸಿಯಾಟಲಿನಿಂದ ಅರ್ಧ ಗಂಟೆಗೂ ತುಸು ಹೆಚ್ಚಿನ ಹಡಗಿನ ಹಾದಿಯ ಬೇನ್‌ಬ್ರಿಜ್ ದ್ವೀಪವು ಅವರ ಸ್ಟ್ರಾಬೆರಿಗೆ ಪ್ರಸಿದ್ಧವಾಗಿತ್ತು. ಜಪಾನಿನಲ್ಲಿ ಹುಟ್ಟಿದವರಿಗೆ ಅಮೆರಿಕದ ಪೌರತ್ವ ದೊರೆಯುತ್ತಿರಲಿಲ್ಲ. 1921ರ ರಾಜ್ಯಶಾಸನ ಅವರಿಗೆ ಭೂಮಿಯ ಒಡೆತನವನ್ನೂ ನಿಷೇಧಿಸಿತು. ಹೀಗಾಗಿ ಅಲ್ಲಿಯೇ ಹುಟ್ಟಿದ ಎಳೆಯ ಮಕ್ಕಳ ಹೆಸರಿನಲ್ಲಿ ಹೊಲ ಕೊಂಡವರುಂಟು.

ಮಾಂಕಾ ಕೆಫೆಯು ‘ಡಚ್ ಬೇಬಿ’ ಎಂಬ ಹೆಸರು ತನ್ನ ಸ್ವತ್ತೆಂದು ಹೇಳಿಕೊಂಡದ್ದು 1942ರಲ್ಲಿ. ಅದೇ ವರ್ಷದ ಮಾರ್ಚ್ 30ರಂದು ಬೇನ್‌ಬ್ರಿಜ್‌ನ 227 ಮಂದಿ ಜಪಾನೀ ಮೂಲದವರನ್ನು, ಕೈಯಲ್ಲಿ ಹೊರಬಲ್ಲಷ್ಟೇ ಸಾಮಾನಿನೊಡನೆ, ಬಂದೂಕು ಹಿಡಿದ ಸೈನಿಕರ ನಡುವೆ ಹಡಗು ಹತ್ತಿಸಿದರು. ಅಲ್ಲಿಂದ ರೈಲಿನಲ್ಲಿ ಕ್ಯಾಲಿಫೋರ್ನಿಯದ ಮಾಂಜನಾರ್ ಶಿಬಿರಕ್ಕೆ. ಅವರಲ್ಲಿ ಬಹುಮಂದಿ ಅಮೆರಿಕದಲ್ಲೇ ಹುಟ್ಟಿದ ಪೌರರು. ಸ್ಟ್ರಾಬೆರಿ ಕೊಯ್ಲಿಗೆ ಇನ್ನೂ ಎರಡು ತಿಂಗಳಿತ್ತು. ಅವರ ಹೊಲಗಳಲ್ಲಿ ದುಡಿಯುತ್ತಿದ್ದ ಫಿಲಿಪೈನ್ಸಿನ ಕೂಲಿಕಾರರು ಕೆಲವೆಡೆ ಬೆಳೆಯನ್ನು ಕಾಪಾಡಿದರು. ಯುದ್ಧ ಮುಗಿದು ಮರಳಿದಾಗ ಕೆಲವರಿಗೆ ಹೊಲ ಉಳಿದಿತ್ತು. ಎಲ್ಲರಿಗೂ ಆ ಭಾಗ್ಯವಿರಲಿಲ್ಲ. ಸರಕಾರ ಕ್ಷಮೆ ಕೇಳಿ, ಬದುಕಿದ್ದವರಿಗೆ ತಲಾ 20,000 ಡಾಲರ್ ಪರಿಹಾರ ಗೊತ್ತುಮಾಡಿದ್ದು 1988ರಲ್ಲಿ.

ಇಂದು ದ್ವೀಪದ ಹಳೆಯ ಬೆರಿ ಹೊಲಗಳಲ್ಲಿ ಬಹುಪಾಲು ಮನೆಗಳೆದ್ದಿವೆ. ಸುಯೆಮಾಟ್ಸು ಮನೆತನದವರು 1928ರಲ್ಲಿ ಕೊಂಡ 40 ಎಕರೆ ಹಾಗಾಗಲಿಲ್ಲ. ಮಗ ಅಕಿಯೊ ಶಿಬಿರವಾಸವನ್ನೂ ಅಮೆರಿಕದ ಸೈನ್ಯದ ಸೇವೆಯನ್ನೂ ಮುಗಿಸಿ ಬಂದು, 2012ರಲ್ಲಿ ತೀರಿಕೊಳ್ಳುವವರೆಗೂ ಆ ನೆಲದಲ್ಲೇ ದುಡಿದರು. ಭೂಮಿ ಈಗ ನಗರಸಭೆಗೆ ಸೇರಿದೆ, ಬೇಸಾಯ ನಿಂತಿಲ್ಲ.