ಹುಡಿ, ರೆಕ್ಕೆ, ಹಿಕ್ಕೆ

ಮನೆ ಹೊಕ್ಕ ಹುಳುಹುಪ್ಪಟೆ ಕಣ್ಣಿಗೆ ಬೀಳುವ ಮುಂಚೆಯೇ ಅದರ ಗುರುತು ಬಿದ್ದಿರುತ್ತದೆ. ಬಾಗಿಲ ಚೌಕಟ್ಟಿನ ಬುಡದಲ್ಲಿ ಒಂದು ಚಿಟಿಕೆ ಹುಡಿ, ಕಿಟಕಿಯ ಅಂಚಿನಲ್ಲಿ ಉದುರಿದ ರೆಕ್ಕೆ, ಅಕ್ಕಿ ಡಬ್ಬದ ಹಿಂದೆ ಕಪ್ಪು ಹಿಕ್ಕೆ. ಬೆಳಗ್ಗೆ ಕಸ ಗುಡಿಸುವಾಗ ಇವೆಲ್ಲ ಮೊರ ಸೇರಿಬಿಡುತ್ತವೆ. ಹುಡಿ ಯಾವ ಬಗೆಯದು, ರೆಕ್ಕೆ ಯಾವ ಹುಳುವಿನದು ಎಂದು ಪೊರಕೆ ಹಿಡಿದವರು ಒಂದು ಗಳಿಗೆ ನಿಂತು ನೋಡಿದರೆ ಅರ್ಧ ಕೆಲಸ ಮುಗಿದ ಹಾಗೆ. ಹುಳು ಯಾವುದೆಂದು ತಿಳಿಯದೆ ಹೊಡೆದ ಔಷಧಿ ಬಹುಪಾಲು ವ್ಯರ್ಥ. ಅದು ಹುಳುವಿಗಿಂತ ಹೆಚ್ಚಾಗಿ ಮನೆಯವರ ಉಸಿರಿಗೇ ಸೇರುತ್ತದೆ.

ನಷ್ಟದ ಲೆಕ್ಕದಲ್ಲಿ ಮೊದಲು ನಿಲ್ಲುವುದು ಗೆದ್ದಲು. ನೋಡಲು ಇರುವೆಯ ಹಾಗಿದ್ದರೂ ಅದು ಜಿರಳೆಯ ಬಳಗದ ಜೀವಿ. ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ದೀಪಕ್ಕೆ ಮುತ್ತುವ ಈಸಲು ಹುಳುಗಳು ಗೆದ್ದಲಿನ ರೆಕ್ಕೆ ಬಂದ ಗಂಡು ಹೆಣ್ಣುಗಳೇ. ಕೆಲವು ಹಳ್ಳಿಗಳಲ್ಲಿ ಇವನ್ನು ಹಿಡಿದು ಹುರಿದು ತಿನ್ನುವ ರೂಢಿಯುಂಟು. ಕಪ್ಪೆ, ಹಲ್ಲಿ, ಹಕ್ಕಿಗಳಿಗಂತೂ ಅಂದು ಹಬ್ಬ. ಇವೆಲ್ಲದರ ಬಾಯಿ ತಪ್ಪಿಸಿಕೊಂಡ ಕೆಲವೇ ಜೋಡಿಗಳು ರೆಕ್ಕೆ ಕಳಚಿ, ಹಸಿ ನೆಲ ಹೊಕ್ಕು ಹೊಸ ಗೂಡು ಹೂಡುತ್ತವೆ. ಹೊರಗಿನಿಂದ ದೀಪಕ್ಕೆ ಬಂದವುಗಳಿಗೆ ಅಂಜಬೇಕಾಗಿಲ್ಲ. ಕದ ಕಿಟಕಿ ಮುಚ್ಚಿದ ಕೋಣೆಯಲ್ಲಿ ಗೋಡೆಯ ಬಿರುಕಿನಿಂದಲೇ ಅವು ಹೊರಟರೆ ಮಾತ್ರ ಗೂಡು ಮನೆಯ ಅಡಿಯಲ್ಲೇ ಇದೆ ಎಂದು ತಿಳಿಯಬೇಕು. ಇರುವೆಗೂ ರೆಕ್ಕೆ ಬರುವುದರಿಂದ ಇಲ್ಲಿ ತಪ್ಪುವುದು ಸುಲಭ. ಗೆದ್ದಲಿನ ನಾಲ್ಕೂ ರೆಕ್ಕೆ ಒಂದೇ ಅಳತೆಯವು, ಮೈಗಿಂತ ಉದ್ದ. ಇರುವೆಯ ಮುಂದಿನ ಜೋಡಿ ದೊಡ್ಡದು, ಹಿಂದಿನದು ಚಿಕ್ಕದು. ಇರುವೆಯ ನಡು ಸಣ್ಣ, ಮೀಸೆ ಮಧ್ಯದಲ್ಲಿ ಮಡಿಸಿದ್ದು. ಗೆದ್ದಲಿಗೆ ನಡುವೇ ಇಲ್ಲ, ಮೀಸೆ ನೇರ.

ಮಳೆಗಾಲ ಕಳೆದ ಮೇಲೆ ಗುರುತು ಸಿಗುವುದು ಗೋಡೆಯ ಮೇಲೆ. ದುಡಿಯುವ ಗೆದ್ದಲಿನ ಚರ್ಮ ಬಲು ತೆಳು. ಗಾಳಿ ಬೆಳಕಿಗೆ ಬಿದ್ದರೆ ಬೇಗ ಒಣಗಿ ಸಾಯುತ್ತದೆ. ಅದಕ್ಕೇ ಅದು ನೆಲದಿಂದ ಮರದವರೆಗೆ ಪೆನ್ಸಿಲ್ ದಪ್ಪದ ಮಣ್ಣಿನ ಕೊಳವೆ ಕಟ್ಟಿಕೊಂಡು, ತೇವ ಆರದಂತೆ ಒಳಗೊಳಗೇ ಓಡಾಡುತ್ತದೆ. ಕೊಳವೆ ಕಂಡವರು ಮೊದಲು ಮಾಡುವ ಕೆಲಸ ಅದನ್ನು ಒರೆಸಿ ಹಾಕಿ ಸುಣ್ಣ ಬಳಿಯುವುದು. ಇದರಿಂದ ಗುರುತು ಅಳಿಯುತ್ತದೆಯೇ ಹೊರತು ಗೆದ್ದಲು ಹೋಗುವುದಿಲ್ಲ. ಗೂಡು ನೆಲದೊಳಗಿರುವಾಗ ಅದಕ್ಕೆ ಇನ್ನೊಂದು ದಾರಿ ಸಿಕ್ಕೇ ಸಿಗುತ್ತದೆ. ಕೊಳವೆಯ ನಡುವೆ ಒಂದು ಬೆರಳಿನಷ್ಟು ಮಾತ್ರ ಒಡೆದು ಬಿಟ್ಟು, ಒಂದೆರಡು ದಿನ ಬಿಟ್ಟು ನೋಡಬೇಕು. ಹಸಿ ಮಣ್ಣಿನಿಂದ ಅದು ಮತ್ತೆ ಮುಚ್ಚಿದ್ದರೆ ಗೂಡು ಬದುಕಿದೆ. ಚೌಕಟ್ಟನ್ನು ಗೆಣ್ಣಿನಿಂದ ತಟ್ಟಿ ನೋಡುವುದೂ ಒಳ್ಳೆಯ ಪರೀಕ್ಷೆ: ಬಣ್ಣದ ಪದರ ಹಾಗೇ ಇದ್ದು ಒಳಗೆ ಬರಿದಾದ ಮರ ಟೊಳ್ಳು ದನಿ ಕೊಡುತ್ತದೆ.

ಗೆದ್ದಲಿಗೆ ಬೇಕಾದ್ದು ಮರದ ನಾರು, ಜೊತೆಗೆ ತೇವ. ತೇವ ತಪ್ಪಿಸುವುದು ಮನೆಯವರ ಕೈಯಲ್ಲಿದೆ. ಸೋರುವ ನಲ್ಲಿ, ಬಚ್ಚಲ ಗೋಡೆಯ ಒರತೆ, ಪಾಯಕ್ಕೆ ತಾಗಿದ ಹೂವಿನ ಮಡಿ, ನೆಲದ ಮೇಲೆ ಪೇರಿಸಿದ ಹಳೆಯ ಪತ್ರಿಕೆ ಮತ್ತು ರಟ್ಟಿನ ಪೆಟ್ಟಿಗೆ ಇವಿಷ್ಟೇ ಸಾಕು ಅದನ್ನು ಕರೆಯಲು. ಮನೆ ಕಟ್ಟುವಾಗ ಸೆಂಟ್ರಿಂಗ್ ಹಲಗೆಯ ಚೂರುಗಳನ್ನು ಪಾಯದ ಮಣ್ಣಿನಲ್ಲೇ ಹೂತು ಬಿಡುವ ಉದಾಸೀನವಂತೂ ಗೆದ್ದಲಿಗೆ ಬುತ್ತಿ ಕಟ್ಟಿಟ್ಟಂತೆ. ಮಲೆನಾಡಿನ ಹಳೆಯ ಮನೆಗಳಲ್ಲಿ ಮರದ ಕಂಬ ನೆಲಕ್ಕೆ ತಾಗುವುದಿಲ್ಲ, ಕಲ್ಲಿನ ಪೀಠದ ಮೇಲೆ ನಿಲ್ಲುತ್ತದೆ. ಕಲ್ಲನ್ನು ದಾಟಬೇಕಾದ ಗೆದ್ದಲು ಎಲ್ಲರ ಕಣ್ಣೆದುರೇ ಕೊಳವೆ ಕಟ್ಟಬೇಕು, ಕಟ್ಟಿದರೆ ಸಿಕ್ಕಿಬೀಳುತ್ತದೆ. ಕರಾವಳಿಯಲ್ಲಿ ಗೇರುಬೀಜದ ಸಿಪ್ಪೆಯಿಂದ ತೆಗೆದ ಎಣ್ಣೆಯನ್ನು ದೋಣಿಗೂ ಮರಮುಟ್ಟಿಗೂ ಬಳಿಯುತ್ತಿದ್ದರು. ಇಂದಿನ ಕಟ್ಟಡಗಳಿಗೆ ಭಾರತೀಯ ಮಾನಕ 6313 ಇದೆ: ಪಾಯ ತೋಡುವಾಗಲೇ ಮಣ್ಣಿಗೆ ಔಷಧಿ ಕುಡಿಸುವ ಕ್ರಮವನ್ನು ಅದರ ಒಂದು ಭಾಗ ಹೇಳಿದರೆ, ಕಟ್ಟಿ ಮುಗಿದ ಮನೆಯಲ್ಲಿ ಗೋಡೆ ನೆಲ ಕೂಡುವ ಗೆರೆಯುದ್ದಕ್ಕೂ ತೂತು ಕೊರೆದು ಔಷಧಿ ಇಳಿಸುವುದನ್ನು ಇನ್ನೊಂದು ಭಾಗ ಹೇಳುತ್ತದೆ. ಇದಕ್ಕೆ ಹಿಂದೆ ಬಳಸುತ್ತಿದ್ದ ಆಲ್ಡ್ರಿನ್ ದೇಶದಲ್ಲಿ ನಿಷೇಧವಾಗಿದೆ. ಮನೆ ಕಟ್ಟಿಸುವವರು ಟೈಲ್ಸಿನ ಬಣ್ಣ ಆರಿಸಲು ಕೊಡುವ ಹೊತ್ತಿನಲ್ಲಿ ಸ್ವಲ್ಪವನ್ನು ಈ ಪಾಯದ ಕೆಲಸ ನೋಡಲು ಕೊಡುವುದು ಮೇಲು. ಅದನ್ನು ಮತ್ತೆ ಮಾಡಿಸಲು ನೆಲವನ್ನೇ ಕೊರೆಯಬೇಕಾಗುತ್ತದೆ.

ನೆಲದ ಗೆದ್ದಲು ತಿಂದ ಕಡೆ ಮಣ್ಣು ಬಿಡುತ್ತದೆ, ಹುಡಿ ಉದುರಿಸುವುದಿಲ್ಲ. ಕುರ್ಚಿಯ ಕಾಲ ಕೆಳಗೆ, ಬಿದಿರ ಬುಟ್ಟಿಯ ಅಡಿಯಲ್ಲಿ ಮೈದಾ ಹಿಟ್ಟಿನಷ್ಟು ನುಣ್ಣನೆಯ ಹುಡಿ ಬಿದ್ದಿದ್ದರೆ, ಮರದಲ್ಲಿ ಗುಂಡುಸೂಜಿ ಚುಚ್ಚಿದಂಥ ತೂತುಗಳಿದ್ದರೆ ಅದು ಕುಟ್ಟೆ ಹುಳುವಿನ ಕೆಲಸ. ಹುಡಿ ನುಣ್ಣಗಿರದೆ ಗಸಗಸೆಯ ಗಾತ್ರದ ಗಟ್ಟಿ ಕಾಳುಗಳಾಗಿದ್ದರೆ ಒಣ ಮರದೊಳಗೇ ಸಂಸಾರ ಹೂಡುವ ಇನ್ನೊಂದು ಬಗೆಯ ಗೆದ್ದಲು ಇದೆ ಎಂದರ್ಥ. ಅದಕ್ಕೆ ನೆಲದ ಸಂಪರ್ಕವೇ ಬೇಡ, ಪಾಯಕ್ಕೆ ಹಾಕಿದ ಔಷಧಿಯೂ ಮುಟ್ಟುವುದಿಲ್ಲ. ಕುಟ್ಟೆ ಹುಳುವಿಗೆ ರುಚಿ ಮರದ ಪಿಷ್ಟ. ಕಡಿದ ಬಿದಿರನ್ನು ವಾರಗಟ್ಟಲೆ ಹರಿಯುವ ನೀರಿನಲ್ಲಿ ಮುಳುಗಿಸಿಡುವ ಪದ್ಧತಿಯಲ್ಲಿ ಆ ಪಿಷ್ಟ ಕರಗಿ ಹೋಗುತ್ತದೆ. ತೇಗದ ಕೆಚ್ಚಿಗೆ ಈ ಹುಳುಗಳು ಸುಲಭಕ್ಕೆ ಬಾಯಿ ಹಾಕವು. ಬಿಳಿಯ ಹೊರಮರವನ್ನು ಬಿಡವು. ತೇಗವೆಂದು ಬೆಲೆ ಕೊಟ್ಟು ತಂದ ಬಾಗಿಲು ಕೆಟ್ಟರೆ ಮೊದಲು ನೋಡಬೇಕಾದ್ದು ಅದರಲ್ಲಿ ಕೆಚ್ಚೆಷ್ಟು, ಹೊರಮರವೆಷ್ಟು ಎಂಬುದನ್ನೇ.

ಉಗ್ರಾಣದ ಹುಳುಗಳು ಬಹುಪಾಲು ಅಂಗಡಿಯಿಂದಲೇ ಚೀಲದೊಳಗೆ ಬರುತ್ತವೆ. ಅಕ್ಕಿಯ ಸೊಂಡಿಲು ಹುಳು ಕಾಳಿಗೆ ತೂತು ಕೊರೆದು, ಒಂದು ಮೊಟ್ಟೆ ಇಟ್ಟು, ಅಂಟಿನಿಂದ ಬಾಯಿ ಮುಚ್ಚುತ್ತದೆ. ಮರಿ ಕಾಳಿನೊಳಗೇ ಹುಟ್ಟಿ, ಅದನ್ನೇ ತಿಂದು, ರೆಕ್ಕೆ ಬಲಿತ ಮೇಲೆಯೇ ಹೊರಬರುತ್ತದೆ. ಬೆಚ್ಚನೆಯ ದಿನಗಳಲ್ಲಿ ಇದೆಲ್ಲ ತಿಂಗಳೊಪ್ಪತ್ತಿನಲ್ಲಿ ಮುಗಿಯುತ್ತದೆ. ತಂದ ದಿನ ಶುಭ್ರವಾಗಿದ್ದ ಅಕ್ಕಿಯಲ್ಲಿ ಮುಂದಿನ ತಿಂಗಳು ಹುಳು ಹರಿದಾಡುವುದು ಇದರಿಂದ. ಹೆಸರು, ಅಲಸಂದೆ, ಕಡಲೆಯ ದುಂಬಿ ಕಾಳಿನ ಮೇಲೆಯೇ ಬಿಳಿ ಮೊಟ್ಟೆ ಅಂಟಿಸುತ್ತದೆ. ಹೊರಬೀಳುವಾಗ ದುಂಡನೆಯ ಕಿಂಡಿ ಬಿಟ್ಟು ಹೋಗುತ್ತದೆ. ಇದರ ಕಾಟ ಹೊಲದಲ್ಲಿ, ಕಾಯಿ ಒಣಗುವ ಹೊತ್ತಿಗೇ ಶುರುವಾಗುವುದುಂಟು. ರವೆಯಲ್ಲಿ ಎಳೆ ಎಳೆಯಾಗಿ ಬಲೆ ಕಟ್ಟಿದರೆ ಪತಂಗದ ಮರಿ. ಹಿಟ್ಟಿಗೆ ಕಮಟು ವಾಸನೆ ಬಂದು ಬಣ್ಣ ತಿರುಗಿದರೆ ಹಿಟ್ಟಿನ ಕೆಂಪು ದುಂಬಿ. ಅದು ಸ್ರವಿಸುವ ದ್ರವವೇ ಆ ವಾಸನೆಗೆ ಮೂಲವಾದ್ದರಿಂದ ಅಂಥ ಹಿಟ್ಟನ್ನು ಜರಡಿ ಹಿಡಿದು ಬಳಸುವುದಕ್ಕಿಂತ ಚೆಲ್ಲುವುದೇ ಸರಿ.

ಹುಳುವನ್ನು ದೂರ ಇಡುವುದರಲ್ಲಿ ಕನ್ನಡ ನಾಡಿನ ಅಡುಗೆಮನೆಗೆ ದೊಡ್ಡ ಅನುಭವವಿದೆ, ಅದರಲ್ಲಿ ಬಹಳಷ್ಟಕ್ಕೆ ಗಟ್ಟಿ ಕಾರಣವೂ ಇದೆ. ಕಾಳಿನಲ್ಲಿ ತೇವ ನೂರಕ್ಕೆ 12ರ ಒಳಗಿದ್ದರೆ ಹುಳುವಿನ ಸಂತಾನ ಏಳಿಗೆಯಾಗುವುದು ಕಷ್ಟ. ಬಿಸಿಲಿಗೆ ಹರವುವುದರ ಅರ್ಥ ಅದೇ. ಬಿಸಿಲಿನಿಂದ ತಂದ ಕಾಳನ್ನು ಆರಿಸಿಯೇ ತುಂಬಬೇಕು, ಬಿಸಿಯಾಗಿ ತುಂಬಿದರೆ ಡಬ್ಬದೊಳಗೆ ಬೆವರು ಕೂಡುತ್ತದೆ. ಬೇಳೆ ಕಾಳಿಗೆ ಹರಳೆಣ್ಣೆ ಸವರಿದರೆ ಮೊಟ್ಟೆ ಬೆಳೆಯುವುದಿಲ್ಲ. ತೊಗರಿಗೆ ಕೆಮ್ಮಣ್ಣು ಕಟ್ಟುವುದು, ಬಿತ್ತನೆಯ ಅವರೆಗೆ ಬೂದಿ ಬೆರೆಸುವುದು ಹುಳುವಿನ ಮೈಯ ಮೇಣ ಸವೆಸಿ ಅದನ್ನು ಒಣಗಿಸುತ್ತವೆ. ಬೇವಿನ ಸೊಪ್ಪು, ಒಣಮೆಣಸಿನಕಾಯಿ ಹೊಸ ಹುಳುವನ್ನು ಸ್ವಲ್ಪ ತಡೆದಾವು. ಕಾಳಿನೊಳಗೆ ಆಗಲೇ ಕುಳಿತ ಮರಿಯನ್ನು ಅವು ಏನೂ ಮಾಡಲಾರವು. ರಾಗಿಯ ಕಾಳು ಬಹಳ ಸಣ್ಣದು, ಹುಳು ಒಳಗೆ ಕುಳಿತು ಬೆಳೆಯಲು ಎಡೆಯಿಲ್ಲ. ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿದ ರಾಗಿ ವರ್ಷಗಟ್ಟಲೆ ಕೆಡದೆ ಬರ ದಾಟಿಸಿದ್ದಕ್ಕೆ ಕಾಳಿನ ಈ ಗುಣದ ಜೊತೆಗೆ, ನೆಲದಡಿಯಲ್ಲಿ ಪ್ರಾಣವಾಯು ಕರಗಿ ಹುಳು ಬದುಕಲಾಗದಿದ್ದದ್ದೂ ಕಾರಣ. ಪೇಟೆಯ ಮನೆಗೆ ಹಗೇವಿಲ್ಲ, ಫ್ರೀಜರ್ ಇದೆ: ತಂದ ರವೆ, ಹಿಟ್ಟನ್ನು ನಾಲ್ಕೈದು ದಿನ ಅದರಲ್ಲಿಟ್ಟು ತೆಗೆದರೆ ಮೊಟ್ಟೆಯೂ ಸಾಯುತ್ತದೆ. ಹಳೆಯ ಹಿಟ್ಟಿನ ಮೇಲೆ ಹೊಸದನ್ನು ಸುರಿಯುವ ಅಭ್ಯಾಸ ಬಿಟ್ಟರೆ ಅರ್ಧ ಕಾಟ ತಪ್ಪೀತು.

ಜಿರಳೆಯಲ್ಲಿ ಮನೆಯವರು ಗುರುತಿಸಬೇಕಾದವು ಎರಡು. ಚರಂಡಿ, ಬಚ್ಚಲ ಕಡೆಯಿಂದ ರಾತ್ರಿ ಏರಿ ಬರುವ, ಹೆಚ್ಚುಕಡಿಮೆ 4 ಸೆಂಟಿಮೀಟರ್ ಉದ್ದದ ಕೆಂಗಂದು ಜಿರಳೆ ಹೊರಗಿನ ಅತಿಥಿ. ನೀರು ಹೋಗುವ ಬಾಯಿಗೆ ಜಾಲರಿ ಹಾಕಿ, ರಾತ್ರಿ ಮುಚ್ಚಿಟ್ಟರೆ ಬಹುಪಾಲು ನಿಲ್ಲುತ್ತದೆ. ಕತ್ತಿನ ಹಿಂದೆ ಎರಡು ಕಪ್ಪು ಪಟ್ಟೆಯಿರುವ, ಒಂದೂವರೆ ಸೆಂಟಿಮೀಟರ್ ಮೀರದ ಚಿಕ್ಕ ಜಿರಳೆ ಅಡುಗೆಮನೆಯಲ್ಲೇ ನೆಲೆಸುವಂಥದು. ಫ್ರಿಜ್ಜಿನ ಮೋಟಾರಿನ ಬಿಸಿ, ಮಿಕ್ಸಿಯ ಅಡಿ, ಕಪಾಟಿನ ಕೀಲು ಅದರ ಬಿಡಾರ. ಇದರ ಹೆಣ್ಣು 30ರಿಂದ 40 ಮೊಟ್ಟೆಗಳ ಚೀಲವನ್ನು ಒಡೆಯುವ ಹೊತ್ತಿನವರೆಗೂ ಹೊಟ್ಟೆಯ ತುದಿಯಲ್ಲೇ ಹೊತ್ತು ತಿರುಗುತ್ತದೆ. ಹಗಲು ಹೊತ್ತಿನಲ್ಲೇ ಅದು ಕಂಡರೆ ಸಂದಿಗಳೆಲ್ಲ ತುಂಬಿವೆ ಎಂದೇ ತಿಳಿಯಬೇಕು. ಸ್ಪ್ರೇ ಹೊಡೆದರೆ ಎದುರಿಗಿದ್ದವು ಸಾಯುತ್ತವೆ, ಉಳಿದವು ಪಕ್ಕದ ಕೋಣೆಗೆ ಚದುರುತ್ತವೆ. ಸಂದಿಗಳಲ್ಲಿ ಚುಕ್ಕೆ ಚುಕ್ಕೆಯಾಗಿ ಇಡುವ ಜೆಲ್ ಔಷಧಿ ಹೆಚ್ಚು ಫಲ ಕೊಡುತ್ತದೆ, ಅದರ ಮೇಲೆ ಸ್ಪ್ರೇ ಬೀಳಬಾರದು ಅಷ್ಟೆ. ವರ್ಷಾನುಗಟ್ಟಲೆ ಒಂದೇ ಜೆಲ್ ಇಟ್ಟಲ್ಲಿ, ಅದರಲ್ಲಿನ ಗ್ಲೂಕೋಸ್ ನಾಲಿಗೆಗೆ ಕಹಿಯಾಗಿ ಹತ್ತುವ ಜಿರಳೆಗಳೇ ಉಳಿದು ಬೆಳೆದದ್ದನ್ನು ಅಮೆರಿಕದ ವಿಜ್ಞಾನಿಗಳು ತೋರಿಸಿದ್ದಾರೆ. ಆಗಾಗ ಔಷಧಿ ಬದಲಿಸಬೇಕೆನ್ನುವುದು ಅದಕ್ಕೇ. ಜಿರಳೆಗೆ ಹಸಿವಿಗಿಂತ ಬಾಯಾರಿಕೆ ತಡೆಯುವುದು ಕಷ್ಟ. ಮಲಗುವ ಮುನ್ನ ಸಿಂಕ್ ಒರೆಸಿ ಒಣಗಿಸುವುದು, ಎಂಜಲು ಪಾತ್ರೆ ಉಳಿಸದಿರುವುದು ಯಾವ ಜೆಲ್ಲಿಗೂ ಕಡಿಮೆಯಲ್ಲ. ಅದರ ಹಿಕ್ಕೆ, ಕಳಚಿದ ಪೊರೆಯ ಧೂಳು ಮಕ್ಕಳ ಉಬ್ಬಸವನ್ನು ಕೆರಳಿಸುವುದರಿಂದ ಇದು ಬರೀ ಅಸಹ್ಯದ ವಿಷಯವಲ್ಲ.

ಇರುವೆಗೆ ಇಷ್ಟೊಂದು ಯುದ್ಧ ಬೇಡ. ಸಾಲು ಹೊರಟ ಸಂದು ಹುಡುಕಿ ಮುಚ್ಚಿ, ಸಾಲಿನ ದಾರಿಯನ್ನು ಸೋಪಿನ ನೀರಿನಿಂದ ಒರೆಸಿದರೆ ಅವು ಹಾಕಿಕೊಂಡ ವಾಸನೆಯ ಗೆರೆ ಅಳಿಯುತ್ತದೆ.

ಇಲಿಯ ಸುಳಿವನ್ನು ಹಿಕ್ಕೆಯ ಅಳತೆಯೇ ಹೇಳುತ್ತದೆ. ಅಕ್ಕಿಕಾಳಿನಷ್ಟಿದ್ದರೆ ಸಣ್ಣ ಇಲಿ, ಅದರ ಎರಡರಷ್ಟಿದ್ದು ಮೊನಚಾಗಿದ್ದರೆ ಅಟ್ಟದ ಇಲಿ. ಗೋಡೆಯ ಬದಿಗೆ ಮೈ ಉಜ್ಜಿ ಓಡುವುದರಿಂದ ಅಲ್ಲಿ ಜಿಡ್ಡಿನ ಕಪ್ಪು ಗೆರೆ ಮೂಡುತ್ತದೆ. ಬೋನು ಇಡಬೇಕಾದ ಜಾಗ ಆ ಗೆರೆಯ ಮೇಲೆಯೇ, ಕೋಣೆಯ ನಡುವೆ ಅಲ್ಲ. ಪೆನ್ಸಿಲ್ ತೂರುವ ತೂತಿನಲ್ಲಿ ಇಲಿಮರಿಯೂ ತೂರೀತು. ಬಾಗಿಲಡಿಯ ಸಂದು, ಪೈಪು ಹೊರಡುವ ತೂತುಗಳನ್ನು ಸಿಮೆಂಟು, ತಂತಿಬಲೆಯಿಂದ ಮುಚ್ಚಬೇಕು. ಬಟ್ಟೆ ಚಿಂದಿ ತುರುಕಿದರೆ ಅದನ್ನೇ ಕಡಿದು ಗೂಡಿಗೆ ಒಯ್ಯುತ್ತದೆ. ಇಲಿಯ ಗುರುತು ಓದುವುದು ಒಂದು ಕಾಲದಲ್ಲಿ ಪ್ರಾಣದ ಪ್ರಶ್ನೆಯಾಗಿತ್ತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಬಸವನಗುಡಿ, ಮಲ್ಲೇಶ್ವರದ ಅಗಲ ಬೀದಿಗಳು ಬೆಳೆದದ್ದು ಅದರ ಬೆನ್ನಿಗೆ. ಆ ದಶಕಗಳಲ್ಲಿ ಮನೆಯಲ್ಲಿ ಇಲಿ ಬಿತ್ತೆಂದರೆ ಜನ ಮನೆ ಬಿಟ್ಟು ಊರ ಹೊರಗೆ ಗುಡಿಸಲು ಹಾಕಿಕೊಳ್ಳುತ್ತಿದ್ದರು, ಅದು ಸರಿಯೂ ಆಗಿತ್ತು: ಸತ್ತ ಇಲಿಯ ಮೈ ತಣ್ಣಗಾದೊಡನೆ ಪ್ಲೇಗಿನ ಚಿಗಟಗಳು ಮನುಷ್ಯರ ಕಡೆ ತಿರುಗುತ್ತಿದ್ದವು. ಇಂದಿನ ಅಪಾಯ ಇಲಿಜ್ವರ. ಅದರ ಸೂಕ್ಷ್ಮಾಣು ಇಲಿಯ ಮೂತ್ರದಲ್ಲಿದ್ದು, ನಿಂತ ನೀರಿನ ಮೂಲಕ ಕಾಲಿನ ಗಾಯಕ್ಕೆ ಇಳಿಯುತ್ತದೆ. ಹಿಕ್ಕೆಯನ್ನು ಒಣಗಿದ್ದಾಗ ಗುಡಿಸದೆ, ಫಿನೈಲ್ ಅಥವಾ ಬ್ಲೀಚಿಂಗ್ ಪೌಡರಿನ ನೀರಿನಿಂದ ನೆನೆಸಿ ಒರೆಸಬೇಕು.

ತಿಗಣೆ ಕೊಳಕು ಮನೆಯ ಲಕ್ಷಣವೆಂಬ ನಂಬಿಕೆಯಿಂದ ಜನ ಅದನ್ನು ಬಚ್ಚಿಡುತ್ತಾರೆ, ಅಷ್ಟರಲ್ಲಿ ಅದು ಹಾಸಿಗೆಯಿಂದ ಹಾಸಿಗೆಗೆ ಹಬ್ಬಿರುತ್ತದೆ. ಅದಕ್ಕೆ ಬೇಕಾದ್ದು ರಕ್ತ ಮಾತ್ರ. ಹಾಸ್ಟೆಲ್ಲು, ಬಸ್ಸಿನ ಸೀಟು, ಹಳೆಯ ಸೋಫಾದ ಜೊತೆ ಶುಚಿಯಾದ ಮನೆಗೂ ಬರುತ್ತದೆ. ಹಾಸಿಗೆಯ ಹೊಲಿಗೆಯಲ್ಲಿ ಶಾಯಿಯ ಚುಕ್ಕಿಯಂಥ ಕಲೆ, ಕಳಚಿದ ಹೊಂಬಣ್ಣದ ಪೊರೆ ಅದರ ಗುರುತು. ಊಟವಿಲ್ಲದೆ ತಿಂಗಳುಗಟ್ಟಲೆ ಬದುಕುವುದರಿಂದ ಕೋಣೆ ಖಾಲಿ ಬಿಟ್ಟು ಫಲವಿಲ್ಲ, ಅನೇಕ ಔಷಧಿಗಳಿಗೂ ಅದು ಒಗ್ಗಿಹೋಗಿದೆ. ಬಿಸಿಯನ್ನು ಮಾತ್ರ ತಾಳದು: ಹೊದಿಕೆಯನ್ನು ಕುದಿನೀರಿನಲ್ಲಿ ಒಗೆಯುವುದು, ಮಂಚದ ಸಂದಿಗೆ ಬಿಸಿನೀರು ಹೊಯ್ಯುವುದು ಇಂದಿಗೂ ಖಚಿತ ಉಪಾಯ.

ವಿಷ ಬಳಸಲೇಬೇಕಾದಾಗ ಡಬ್ಬದ ಮೇಲಿನ ತ್ರಿಕೋನ ನೋಡಬೇಕು. ಕೆಂಪು ಅತ್ಯಂತ ಘೋರ, ಆಮೇಲೆ ಹಳದಿ, ನೀಲಿ, ಹಸಿರು. ಧಾನ್ಯಕ್ಕೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಮನೆಯ ಸಾಮಾನಲ್ಲ; ತೇವ ತಾಗಿದರೆ ಅದರಿಂದ ಏಳುವ ಅನಿಲ ಮಲಗಿದವರನ್ನು ಮಲಗಿದಲ್ಲೇ ಕೊಲ್ಲುತ್ತದೆ, ಅದಕ್ಕೆ ಪ್ರತಿವಿಷವಿಲ್ಲ. ಹಳದಿ ರಂಜಕದ ಇಲಿ ಪೇಸ್ಟು ಒಳಹೋದರೆ ಮೊದಲ ದಿನ ಏನೂ ಆಗದಂತೆ ತೋರಿ, ಆಮೇಲೆ ಯಕೃತ್ತನ್ನು ಸುಡುತ್ತದೆ. ಮಗುವಿನ ಬಾಯಿಗೆ ಇಂಥದ್ದು ಹೋದ ಶಂಕೆ ಬಂದರೆ ಲಕ್ಷಣಕ್ಕೆ ಕಾಯದೆ, ವಾಂತಿ ಮಾಡಿಸಲು ಹೋಗದೆ, ಡಬ್ಬವನ್ನೂ ಜೊತೆಗೆ ಹಿಡಿದು ಆಸ್ಪತ್ರೆಗೆ ಓಡಬೇಕು. ಯಾವ ವಿಷವೆಂದು ವೈದ್ಯರಿಗೆ ತಿಳಿಯುವುದು ಆ ಡಬ್ಬದ ಚೀಟಿಯಿಂದ.