ಹಿನ್ನೀರಿಗೆ ಬುತ್ತಿ ಕಟ್ಟಿ

ಇಂಡಿ ಸೀಮೆಯವರಿಗೆ ನೀರು ನೋಡುವ ಹಸಿವು ಹುಟ್ಟಿನಿಂದಲೇ ಇರುತ್ತದೆ. ಹಳ್ಳ ಬಂತು ಅಂದರೆ ಸಾಕು, ಊರಿಗೆ ಊರೇ ದಂಡೆಗೆ ಓಡುತ್ತದೆ. ಆಡು ಕಾಯುವ ಹುಡುಗರು, ಸೊಸೆಯ ಹೆಗಲು ಹಿಡಿದ ಮುದುಕಿಯರು, ಅಂಗಡಿಗೆ ಚಿಲಕ ಹಾಕಿ ಬಂದವರು, ಎಲ್ಲರೂ ಆ ರಾಡಿ ನೀರು ಹರಿಯುವುದನ್ನು ನೋಡುತ್ತ ನಿಂತುಬಿಡುತ್ತಾರೆ. ಯಾರೋ ಒಬ್ಬರು "ಬಂತಪಾ ಈ ಸಲ" ಅನ್ನುತ್ತಾರೆ. ಉಳಿದವರು ತಲೆ ಆಡಿಸುತ್ತಾರೆ. ಅಲ್ಲಿಗೆ ಮಾತು ಮುಗಿಯಿತು, ನೋಟ ಮುಗಿಯುವುದಿಲ್ಲ.

ಈ ಹಸಿವಿಗೆ ನಮ್ಮ ಮನೆಯವರು ಕಂಡುಕೊಂಡ ದಾರಿಯೊಂದಿದೆ. ಬೆಳಗಿನ ಜಾವಕ್ಕೇ ರೊಟ್ಟಿ ಬಡಿದು, ಬುತ್ತಿ ಕಟ್ಟಿ, ಮೊಮ್ಮಕ್ಕಳಿಂದ ಹಿಡಿದು ಎಂಬತ್ತು ದಾಟಿದ ಸೋದರತ್ತೆಯವರೆಗೆ ಎಲ್ಲರನ್ನೂ ಗಾಡಿಗೆ ಹತ್ತಿಸಿ, ದಕ್ಷಿಣಕ್ಕೆ ಕೃಷ್ಣೆಯ ಹಿನ್ನೀರಿಗೆ ಹೋಗುವುದು. ಅಲ್ಲಿ ದೋಣಿಯಲ್ಲಿ ಕೂತು ದಂಡೆಗಳನ್ನು ನೋಡುವುದು. ನಾಟಕ, ಸಿನಿಮಾ, ಜಾತ್ರೆ ಎಲ್ಲದರ ರುಚಿಯೂ ನನಗಿದೆ. ಆದರೆ ಮನೆಮಂದಿಯೊಂದಿಗೆ ನೀರಿನ ಮೇಲೆ ಕೂತ ಹೊತ್ತಿಗೆ ಸಮನಾದ ಸುಖ ಬೇರೊಂದನ್ನು ನಾನು ಕಂಡಿಲ್ಲ.

ನಕಾಶೆಯಲ್ಲಿ ನೋಡಿದರೆ ನಾವು ನೀರಿಲ್ಲದವರಲ್ಲ. ಇಂಡಿ, ಸಿಂದಗಿಯ ಉತ್ತರದ ಅಂಚಿಗೆ ಭೀಮೆ, ಬಸವನ ಬಾಗೇವಾಡಿ, ಮುದ್ದೇಬಿಹಾಳದ ದಕ್ಷಿಣದ ಅಂಚಿಗೆ ಕೃಷ್ಣೆ, ನಡುವೆ ಸವಳು ನೀರಿನ ಡೋಣಿ. (ಈಗ ಚಡಚಣ, ಆಲಮೇಲ, ನಿಡಗುಂದಿ, ಕೊಲ್ಹಾರ, ತಾಳಿಕೋಟೆ ಎಂದು ಹೊಸ ತಾಲ್ಲೂಕುಗಳಾಗಿವೆ. ನನ್ನ ಬಾಯಿಗೆ ಹಳೆಯ ನಾಲ್ಕೇ ಬರುತ್ತವೆ.) ಎರಡು ದೊಡ್ಡ ಹೊಳೆಗಳ ನಡುವೆ ಇದ್ದೂ ನಾವು ಬರದವರೇ ಆಗಿದ್ದೆವು, ಏಕೆಂದರೆ ಅಂಚಿನ ನೀರು ಏರು ಹತ್ತಿ ನಡುವಿನ ಹೊಲಕ್ಕೆ ಬರಲು ತಲೆಮಾರುಗಳೇ ಹಿಡಿದವು. ಭೀಮೆಯಂತೂ ಬೇಸಿಗೆಯಲ್ಲಿ ಉಸುಕಿನ ದಾರಿ. ಮಳೆಗಾಲದಲ್ಲಿ ಮಾತ್ರ ಅಲ್ಲಿ ಹರಗೋಲು ಬೇಕಾಗುತ್ತಿತ್ತು. ಬಿದಿರು ಹೆಣೆದು, ಮೊದಲೆಲ್ಲ ತೊಗಲು ಹೊದಿಸಿ, ಈಚೆಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ಮಾಡುವ ಆ ದುಂಡು ದೋಣಿಯಲ್ಲಿ ಆಚೆ ದಂಡೆಯ ಬೀಗರ ಊರಿಗೆ ಹೋಗಿಬರುವುದು ನನ್ನ ಬಾಲ್ಯದ ನೀರಿನ ಪಯಣ. ಆಚೆ ದಂಡೆ ಮಹಾರಾಷ್ಟ್ರ ಅನ್ನುವುದು ನಮಗೆ ಶಾಲೆಯ ಪುಸ್ತಕದಲ್ಲಿ ಮಾತ್ರ ಗೊತ್ತಿತ್ತು.

ಕೃಷ್ಣೆಯ ಕಥೆ ಬೇರೆ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲಿಟ್ಟರು. ಮುಂದಿನ ತಿಂಗಳೇ ಅವರು ಪ್ರಧಾನಿಯಾದರು. ಅಣೆಕಟ್ಟೆಯನ್ನು ರಾಷ್ಟ್ರಪತಿ ಅಬ್ದುಲ್ ಕಲಾಂ ನಾಡಿಗೆ ಅರ್ಪಿಸಿದ್ದು 2006ರ ಆಗಸ್ಟ್ 21ರಂದು. ಅಡಿಗಲ್ಲು ನೋಡಿದ ಹುಡುಗರು ಅಷ್ಟರಲ್ಲಿ ಅಜ್ಜಂದಿರಾಗಿದ್ದರು. 26 ಗೇಟುಗಳ ಹಿಂದೆ ಇಂದು 519.60 ಮೀಟರ್ ಮಟ್ಟಕ್ಕೆ ಸುಮಾರು 123 ಟಿಎಂಸಿ ನೀರು ನಿಲ್ಲುತ್ತದೆ. ನಮ್ಮ ಹೊಲದಲ್ಲಿ ಹನಿ ಬೀಳದ ವರ್ಷವೂ ಮಹಾಬಳೇಶ್ವರದ ಕಡೆ ಮಳೆ ಹಿಡಿದರೆ ಇಲ್ಲಿ ನೀರು ಏರುತ್ತದೆ. ಕೆಳಗೆ ನಾರಾಯಣಪುರದಲ್ಲಿ ಮತ್ತೊಂದು ಕಟ್ಟೆ, ಅದರ ಹೆಸರು ಬಸವಸಾಗರ. ಅದರ ಎಡದಂಡೆ ಕಾಲುವೆಯ ಕವಲೊಂದಕ್ಕೆ ಇಂಡಿಯ ಹೆಸರೇ ಇದೆ. ಹೊಳೆ ದೂರದಲ್ಲೇ ಉಳಿಯಿತು, ನೀರು ನಮ್ಮ ಕಡೆ ತಿರುಗಿತು. ಇಂಡಿಯ ನಿಂಬೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಬಂದಾಗ ನಾನು ಮೊದಲು ನೆನೆದದ್ದು ಈ ಕಾಲುವೆ, ಬಾವಿಗಳ ನೀರನ್ನೇ.

ಹೋದ ಸಂಕ್ರಮಣಕ್ಕೆ ಜರ್ಮನಿಯಿಂದ ನನ್ನ ತಂಗಿಯ ಮಗ ಸಂಸಾರ ಸಮೇತ ಬಂದಿದ್ದ. ಬೇಸಿಗೆಯಲ್ಲಿ ಅವರು ನಾರ್ವೆಯ ಫ್ಯೋರ್ಡುಗಳನ್ನು ನೋಡಲು ಹಡಗಿನಲ್ಲಿ ಹೋಗಿದ್ದರಂತೆ. ಹಿಮಯುಗದಲ್ಲಿ ಹಿಮನದಿಗಳು ಬೆಟ್ಟವನ್ನು ಉಜ್ಜಿ ಕೊರೆದ ಕಣಿವೆಗಳವು. ಹಿಮ ಕರಗಿದ ಮೇಲೆ ಸಮುದ್ರ ಒಳನುಗ್ಗಿತು. ಸೋಗ್ನೆ ಫ್ಯೋರ್ಡು 200 ಕಿಲೋಮೀಟರಿಗೂ ಹೆಚ್ಚು ಒಳನಾಡಿಗೆ ಚಾಚಿಕೊಂಡಿದೆ, ಅದರ ಆಳ 1,300 ಮೀಟರ್ ದಾಟುತ್ತದೆ. ಗೈರಾಂಗರ್ ಮತ್ತು ನೇರೊಯ್ ಫ್ಯೋರ್ಡುಗಳನ್ನು ಯುನೆಸ್ಕೊ 2005ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹುಡುಗ ಫೋಟೊ ತೋರಿಸುತ್ತ ಹೋದ. ಕಡಿದಾದ ಗೋಡೆಗಳು, ಅವುಗಳ ಮೇಲಿಂದ ಸಾಲಾಗಿ ಬೀಳುವ ಏಳು ಝರಿಗಳು, ಕೆಳಗೆ ಹಸಿರು ನೀರು, ರೇಲಿಂಗಿಗೆ ಒರಗಿ ನಿಂತ ಅವನ ಮಕ್ಕಳು. ನನ್ನ ಕಣ್ಣು ಆ ಮಕ್ಕಳ ಮುಖದ ಮೇಲೇ ನಿಂತಿತು. ದಂಡೆ ಹಿಂದೆ ಸರಿಯುವಾಗ ನಮ್ಮ ಮೊಮ್ಮಕ್ಕಳ ಮುಖದಲ್ಲಿ ಕಾಣುವ ಬೆರಗೇ ಅಲ್ಲೂ ಇತ್ತು. ಮರುದಿನ ಅವನನ್ನೂ ಕರೆದುಕೊಂಡು ಆಲಮಟ್ಟಿಗೆ ಹೊರಟೆವು.

ಸಂಕ್ರಮಣದ ದಿನ ಹೊಳೆಗೆ ಹೋಗುವುದು ನಮ್ಮ ಸೀಮೆಯ ಹಳೆಯ ಪದ್ಧತಿ. ಮೈಗೆ ಎಳ್ಳು ಅರೆದು ಹಚ್ಚಿಕೊಂಡು ಮುಳುಗು ಹಾಕಿ, ದಂಡೆಯ ಕಲ್ಲಿನ ಮೇಲೆ ಬುತ್ತಿ ಬಿಚ್ಚುವುದು. ಸಜ್ಜಿ ರೊಟ್ಟಿ, ಎಣ್ಣೆಗಾಯಿ ಬದನೆ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಕಾಳಿನ ಪಲ್ಯ, ಮಾದಲಿ. ದಾರಿಯಲ್ಲಿ ಕೊಲ್ಹಾರ ಸಿಕ್ಕರೆ ಮಣ್ಣಿನ ಗಡಿಗೆಯ ಮೊಸರು ಕೊಳ್ಳದೆ ಮುಂದೆ ಹೋಗುವಂತಿಲ್ಲ. ಗಡಿಗೆ ಬೋರಲು ಹಾಕಿದರೂ ಬೀಳದಷ್ಟು ಗಟ್ಟಿ. ಹಡಗಿನ ಊಟದ ಸಾಲುಮೇಜಿನ ಮೇಲೆ ಏನೇನು ಇರುತ್ತದೆಂದು ಹುಡುಗ ಹೇಳಿದ. ಚಂದವೇ ಇರಬೇಕು. ಆದರೆ ಹೊಳೆಯಲ್ಲಿ ಮಿಂದ ಮೈಗೆ ಗಾಳಿ ತಾಗುವಾಗ, ಕಟಕ್ ರೊಟ್ಟಿಯ ಮೇಲೆ ಆ ಮೊಸರು ಹಾಕಿಕೊಂಡು ಹತ್ತಾರು ಮಂದಿ ಒಂದೇ ಗಂಟಿನಿಂದ ಉಣ್ಣುವ ರುಚಿಯನ್ನು ಯಾವ ಅಡುಗೆಮನೆಯೂ ಮಾಡಿಕೊಡಲಾರದು ಎಂದು ನನ್ನ ದೃಢ ನಂಬಿಕೆ.

ಆಲಮಟ್ಟಿಯ ಉದ್ಯಾನಗಳು, ರಾಕ್ ಗಾರ್ಡನ್, ಸಂಗೀತ ಕಾರಂಜಿ ಎಲ್ಲರಿಗೂ ಗೊತ್ತು. ಮಕ್ಕಳು ಅಲ್ಲಿ ಎಷ್ಟು ಹೊತ್ತಾದರೂ ಇರುತ್ತಾರೆ. ನನಗೆ ಬೇಕಾದದ್ದು ಕಟ್ಟೆಯ ಹಿಂದಿನ ನೀರು. ಅಲ್ಲಿ ಪರಿಚಯದ ಮೀನುಗಾರರ ದೋಣಿಯಲ್ಲಿ, ಎಲ್ಲರಿಗೂ ಜಾಕೆಟ್ ಕಟ್ಟಿಸಿ, ಗಾಳಿ ಏಳುವ ಮುಂಚೆ ಬೆಳಿಗ್ಗೆಯೇ ಹೊರಡುತ್ತೇವೆ. ದೋಣಿಯಿಂದ ನೋಡಿದಾಗಲೇ ನಮ್ಮ ನೆಲದ ಕಟ್ಟು ತಿಳಿಯುವುದು. ಉತ್ತರಕ್ಕೆ ನಮ್ಮ ಕಡೆಯ ಕರಿಕಲ್ಲು, ಲಾವಾ ಹರಿದು ಗಟ್ಟಿಯಾದ ಬಸಾಲ್ಟು, ಅದರ ಮೇಲೆ ಎರೆಮಣ್ಣು. ದಕ್ಷಿಣಕ್ಕೆ ಸೀತಿಮನಿಯ ಕಡೆ ಕಲಾದಗಿ ಶ್ರೇಣಿಯ ಕೆಂಪು ಮರಳುಗಲ್ಲು, ಅದಕ್ಕಿಂತ ಎಷ್ಟೋ ಪಟ್ಟು ಹಳೆಯದು. ನಡುವೆ ನೀರು ಹಬ್ಬಿದೆ. ಗುಡ್ಡದ ಸಂದುಗಳಲ್ಲಿ ಅದು ಬೆರಳುಬೆರಳಾಗಿ ಒಳಸರಿದು ಸಣ್ಣ ಸಣ್ಣ ಕೊಲ್ಲಿಗಳಾಗಿದೆ. ಬೆಳಗಿನ ಬಿಸಿಲು ಕೆಂಪು ಕಲ್ಲಿಗೆ ಬಿದ್ದಾಗ ದೋಣಿಯ ಸುತ್ತ ನೀರೂ ಕೆಂಪಾಗುತ್ತದೆ. ಅಷ್ಟರಲ್ಲಿ ಸೇತುವೆಯ ಮೇಲೆ ರೈಲು ಬಂದರೆ ಮಕ್ಕಳು ಕೈ ಬೀಸುತ್ತಾರೆ. ಕಿಟಕಿಯಿಂದ ಯಾರೋ ಕೃಷ್ಣೆಗೆ ಕಾಸು ಎಸೆಯುತ್ತಾರೆ.

ನಾರ್ವೆಯ ಕಣಿವೆಯನ್ನು ಕೊರೆದದ್ದು ಹಿಮ. ಅದನ್ನು ನೋಡಿದವರು ಯಾರೂ ಇಲ್ಲ. ನಮ್ಮ ಕಣಿವೆ ತುಂಬಿದ್ದು ನಮ್ಮ ಕಣ್ಣ ಮುಂದೆ. ನನಗೆ ಈ ಪಯಣ ಇಷ್ಟೊಂದು ಪ್ರಿಯವಾಗಲು, ಜೊತೆಗೆ ಭಾರವೂ ಆಗಲು, ಇದೇ ಕಾರಣ. ಸೋದರತ್ತೆ ಹುಟ್ಟಿದ್ದು ಕೊಲ್ಹಾರದ ಕಡೆಯ ಒಂದು ದಂಡೆಯ ಹಳ್ಳಿಯಲ್ಲಿ. ಹಳೆಯ ಕೊಲ್ಹಾರ ನೀರಿಗೆ ಹೋಯಿತು, ಬಾಗಲಕೋಟೆಯ ತಗ್ಗಿನ ಪೇಟೆ ಹೋಯಿತು, ಎರಡೂ ದಂಡೆಯ ಎಷ್ಟೋ ಹಳ್ಳಿಗಳು ಹೋದವು. ಜನ ಬಾಗಿಲು, ತೊಲೆ, ಕಟ್ಟಿಗೆ ಬಿಚ್ಚಿಕೊಂಡು ಪುನರ್ವಸತಿ ಕೇಂದ್ರಗಳಿಗೆ ನಡೆದರು. ಅತ್ತೆ ದೋಣಿಯಲ್ಲಿ ಮುಂದೆ ಕೂಡುತ್ತಾಳೆ. ಸುತ್ತಲೂ ನಮಗೆ ಬರೀ ನೀರು. ಆಕೆ ಮಾತ್ರ ಗುಡ್ಡದ ಮೂಲೆಯನ್ನು ಗುರುತು ಹಿಡಿದು ಹೇಳತೊಡಗುತ್ತಾಳೆ. "ಇಲ್ಲಿ ನಮ್ಮ ಅಗಸಿ ಇತ್ತು. ಅಗಸಿ ದಾಟಿದ್ರ ಹಣಮಪ್ಪನ ಗುಡಿ. ಅದರ ಹಿಂದ ನಮ್ಮ ಅಪ್ಪನ ಬದನಿಕಾಯಿ ತ್ವಾಟ, ಹೊಳಿ ಮಣ್ಣಿನ ಬದನಿಕಾಯಿ, ಬೆಣ್ಣಿ ಹಾಂಗ ಬೇಯ್ತಿತ್ತು." ಅಂಬಿಗರ ಹುಡುಗ ಎಂಜಿನ್ ನಿಲ್ಲಿಸುತ್ತಾನೆ. ಅವನ ಮನೆಯವರೂ ಹಾಗೆ ಎದ್ದು ಬಂದವರೇ. ನನ್ನ ತಂಗಿಯ ಮಗ ಅಂದು ಫೋಟೊ ತೆಗೆಯುವುದನ್ನು ಬಿಟ್ಟು ಆಕೆಯ ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡ. ಒಳ್ಳೆಯ ಕೆಲಸ ಮಾಡಿದ.

ದುಃಖಕ್ಕೆ ಹೋಗುವುದೇ ಎಂದು ಕೇಳುವವರಿದ್ದಾರೆ. ಅತ್ತೆ ಅಳುವುದಿಲ್ಲ. ಆಕೆಗೆ ಅದು ತವರಿಗೆ ಹೋಗಿಬಂದ ದಿನ. ಉಡಿ ತುಂಬುವವರು ಯಾರೂ ಇಲ್ಲದ್ದರಿಂದ ಆಕೆಯೇ ಎಲೆ, ಅಡಿಕೆ, ಅರಿಷಿಣ, ಕುಂಕುಮವನ್ನು ನೀರಿಗೆ ಬಿಡುತ್ತಾಳೆ. ತೋಟ ಮುಳುಗಿಸಿದ ಆ ನೀರೇ ಇಂಡಿಯಲ್ಲಿ ಮಗಳ ಮನೆಯ ಹೊಲಕ್ಕೆ ಬಂದದ್ದನ್ನೂ ಆಕೆ ನೋಡಿದ್ದಾಳೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾಳೆ, ಒಂದನ್ನು ಇನ್ನೊಂದಕ್ಕೆ ಸಮಾಧಾನವಾಗಿ ಹೇಳುವುದಿಲ್ಲ.

ಕಟ್ಟೆಯ ಕೆಳಗಿನ ಪಯಣಕ್ಕೆ ಮತ್ತೊಂದು ಗುಣ. ಯಲಗೂರದಪ್ಪನ ದರ್ಶನ ಮುಗಿಸಿ ಮುದ್ದೇಬಿಹಾಳದ ತಂಗಡಗಿಗೆ ಹೋದರೆ ಅಲ್ಲಿ ನೀಲಾಂಬಿಕೆಯ ಐಕ್ಯಸ್ಥಳ. ಹೊಳೆಯ ಆಚೆಗೆ, ಮಲಪ್ರಭೆ ಬಂದು ಕೃಷ್ಣೆಯನ್ನು ಸೇರುವಲ್ಲಿ, ಕೂಡಲಸಂಗಮ. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣ ಐಕ್ಯನಾದದ್ದು ಅಲ್ಲಿ. ಕಲ್ಯಾಣದಿಂದ ಹೊರಟು ಬಂದ ನೀಲಮ್ಮ ಆ ಸುದ್ದಿ ಕೇಳಿ ಈ ದಂಡೆಯಲ್ಲೇ ಉಳಿದಳೆಂದು ಜನ ಹೇಳುತ್ತಾರೆ. ನಾರಾಯಣಪುರದ ಹಿನ್ನೀರು ಏರಿದಾಗ ಬಸವಣ್ಣನ ಐಕ್ಯಲಿಂಗದ ಸುತ್ತ ಎತ್ತರದ ದುಂಡು ಗೋಡೆ ಕಟ್ಟಿದರು. ಈಗ ನೀರಿನ ನಡುವೆ ಮೆಟ್ಟಿಲಿಳಿದು ಬಾವಿಯ ತಳಕ್ಕೆ ಹೋಗಿ ದರ್ಶನ ಪಡೆಯಬೇಕು. ಸೇತುವೆಯ ಮೇಲೆ ಗಾಡಿಯಲ್ಲಿ ಹೊಳೆ ದಾಟಬಹುದು, ಎಷ್ಟೋ ಜನ ಹಾಗೇ ಹೋಗುತ್ತಾರೆ. ನನಗೆ ಮಾತ್ರ ಈ ನೀರನ್ನು ದೋಣಿಯಲ್ಲಿ ಕೂತೇ ನೋಡಬೇಕು. ಒಂದು ದಂಡೆಯಲ್ಲಿ ಹೆಂಡತಿ, ಇನ್ನೊಂದರಲ್ಲಿ ಗಂಡ, ನಡುವಿನ ಅಗಲ ಎಷ್ಟೆಂದು ನೀರಿನ ಮೇಲೆ ಇದ್ದಾಗಲೇ ಮೈಗೆ ತಿಳಿಯುವುದು. ನಮ್ಮ ಮನೆಯ ಹೆಂಗಸರು ಆ ದೋಣಿಯಲ್ಲಿ ವಚನ ಹಾಡುತ್ತಾರೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ದೋಣಿ ನಡೆಸುತ್ತಿದ್ದ ಚೌಡಯ್ಯನೂ ಒಬ್ಬ ಎಂದು ಹೇಳಿದರೆ ಹುಟ್ಟು ಹಾಕುವ ಹುಡುಗನ ಮುಖ ಅರಳುತ್ತದೆ.

ಪುಷ್ಯ, ಮಾಘದಲ್ಲಿ ಹೋದವರಿಗೆ ಹಕ್ಕಿಗಳ ದರ್ಶನವೂ ಸಿಗುತ್ತದೆ. ಘಟಪ್ರಭೆ ಬಂದು ಸೇರುವ ಚಿಕ್ಕಸಂಗಮದ ಕಡೆ ನೀರು ಇಳಿದ ಕೆಸರಿನಲ್ಲಿ ರಾಜಹಂಸಗಳು ಸಾಲು ಹಿಡಿದು ನಿಲ್ಲುತ್ತವೆ. ಪಟ್ಟೆತಲೆಯ ಹೆಬ್ಬಾತುಗಳು ಮಂಗೋಲಿಯಾ, ಟಿಬೆಟಿನ ಕಡೆಯಿಂದ ಹಿಮಾಲಯ ಹಾರಿ ದಾಟಿ ನಮ್ಮ ಕಡಲೆ ಹೊಲದ ಬದಿಗೆ ಬಂದಿಳಿಯುತ್ತವೆ. ಎಂಜಿನ್ ನಿಲ್ಲಿಸಿ, ಮಕ್ಕಳ ಬಾಯಿ ಮುಚ್ಚಿಸಿ, ದೂರದಿಂದಲೇ ನೋಡಬೇಕು. ಹತ್ತಿರ ಹೋಗಿ ಎಬ್ಬಿಸಿ ಹಾರಿಸುವುದು ಪಾಪ.

ನೀರು ಯಾವಾಗಲೂ ಹೀಗೆ ಸೌಮ್ಯವಾಗಿರುವುದಿಲ್ಲ. 2009 ಮತ್ತು 2019ರಲ್ಲಿ ಕೃಷ್ಣೆ, 2020ರ ಅಕ್ಟೋಬರಿನಲ್ಲಿ ಭೀಮೆ ಹೇಗೆ ಬಂದವೆಂದು ದಂಡೆಯವರಿಗೆ ಗೊತ್ತು. ಹಾಗಾಗಿ ಜಾಕೆಟ್ ಇಲ್ಲದ ದೋಣಿಗೆ ನಮ್ಮ ಮನೆಯ ಯಾರೂ ಹತ್ತುವುದಿಲ್ಲ, ಮೋಡ ಮುಚ್ಚಿದ ದಿನ ದಂಡೆಯಲ್ಲೇ ಉಂಡು ಬರುತ್ತೇವೆ.

ನಾರ್ವೆಯ ಕರಾವಳಿಯಲ್ಲಿ 1893ರಿಂದ ಸರಕು, ಜನ, ಹಿಂದೆಲ್ಲ ಅಂಚೆಯನ್ನೂ ಹೊತ್ತು ದಂಡೆಯಿಂದ ದಂಡೆಗೆ ಓಡುತ್ತಿರುವ ಹಡಗು ಸೇವೆಯೊಂದಿದೆ, ಹುರ್ತಿಗ್ರೂಟನ್ ಎಂದು ಹೆಸರು. ಪರಂಪರೆಯ ಫ್ಯೋರ್ಡುಗಳಲ್ಲಿ ಹೊಗೆ ಉಗುಳದ ಹಡಗುಗಳೇ ಓಡಬೇಕೆಂದು ಅಲ್ಲಿನ ಸಂಸತ್ತು 2018ರಲ್ಲಿ ತೀರ್ಮಾನಿಸಿತು. ನಮಗೆ ಅಷ್ಟು ದೊಡ್ಡದೇನೂ ಬೇಡ. ಆಲಮಟ್ಟಿಯಿಂದ ಕೊಲ್ಹಾರದವರೆಗೆ, ತಂಗಡಗಿಯಿಂದ ಕೂಡಲಸಂಗಮದವರೆಗೆ, ನೀರು ತುಂಬಿದ ತಿಂಗಳುಗಳಲ್ಲಿ ಬ್ಯಾಟರಿಯಿಂದ ಓಡುವ, ಜಾಕೆಟ್ ಇರುವ, ಬಡವರೂ ಟಿಕೆಟ್ ಕೊಳ್ಳಬಹುದಾದ ಒಂದೊಂದು ದೋಣಿಯನ್ನು ಸರ್ಕಾರ ಓಡಿಸಲಿ. ಅದನ್ನು ನಡೆಸುವ ಕೆಲಸ ಊರು ಕಳೆದುಕೊಂಡ ಅಂಬಿಗರ ಮಕ್ಕಳಿಗೆ ಸಿಗಲಿ. ಓದುಗರಲ್ಲಿ ನನ್ನದು ಒಂದೇ ಕೋರಿಕೆ. ಬರುವ ಸಂಕ್ರಮಣಕ್ಕೆ ನೀವೂ ಬುತ್ತಿ ಕಟ್ಟಿಕೊಂಡು ಬನ್ನಿ, ಮುಳುಗಿದ ಊರಿನ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಬನ್ನಿ, ಅವರಿಗೆ ದೋಣಿಯ ಮುಂದಿನ ಜಾಗ ಬಿಟ್ಟುಕೊಡಿ, ಅವರು ಹೇಳುವ ಊರಿನ ಹೆಸರುಗಳನ್ನು ನಿಮ್ಮ ಮಕ್ಕಳಿಂದ ಬರೆಯಿಸಿಡಿ.